ರಾಯರ ಕೋಲಿಗೆ ಕತ್ತಿಯ ಬಳೆ

“ಮೋರಿ ಕಟ್ಟಿದವನಿಗೆ ಒಂದು ಕೋಲು ರಿಪೇರಿ ಮಾಡುದು ಯಾವ ಲೆಕ್ಕ?”

ಹೀಗೆಂದು ಅಡುಗೆಮನೆಯ ನಡುವೆ ನಿಂತು ಎದೆ ತಟ್ಟಿಕೊಂಡವರು ಓವರ್ಸಿಯರ್ ಪದ್ಮಯ್ಯ ಗೌಡರು. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ರಸ್ತೆಯಲ್ಲಿ ಅವರು ಕಟ್ಟಿಸಿದ ಮೋರಿಗಳು ಬೇಕಾದಷ್ಟಿವೆ. ಅವುಗಳಲ್ಲಿ ನಿಂತಿರುವವೆಲ್ಲ ಗೌಡರ ಜಾಣತನಕ್ಕೆ ಸಾಕ್ಷಿ, ಕುಸಿದಿರುವವೆಲ್ಲ ಮಳೆಯ ದುಷ್ಟತನಕ್ಕೆ ಸಾಕ್ಷಿ. ಅಂಥ ಮಹಾಪುರುಷರ ಕೈಯಲ್ಲಿ ಆ ಹೊತ್ತು ಒಂದು ಕೋಲು ಇತ್ತು. ಕೋಲಿನ ತುದಿಯಿಂದ ಒಂದು ಗೇಣು ಉದ್ದಕ್ಕೆ ಬಿರುಕು ಬಿಟ್ಟಿತ್ತು. ತುದಿಗೆ ತೊಡಿಸಿದ್ದ ಹಿತ್ತಾಳೆಯ ಬಳೆ ಸೀಳಿ ಎರಡು ಹೋಳಾಗಿ, ಒಂದು ಒಲೆಯ ಬುಡದಲ್ಲಿಯೂ ಇನ್ನೊಂದು ಹುಳಿಯ ಪಾತ್ರೆಯಲ್ಲಿಯೂ ವಿಶ್ರಮಿಸಿದ್ದವು. ತುದಿಯ ಚರ್ಮದ ಬಿಲ್ಲೆ ಕಡೆಯುವ ಕಲ್ಲಿನ ಗುಳಿಯೊಳಗೆ ಹೋಗಿ ಅಕ್ಕಿಹಿಟ್ಟಿನಲ್ಲಿ ಮುಳುಗಿತ್ತು.

ಇದು ಸಾಮಾನ್ಯದ ಕೋಲಲ್ಲ. ಬಿಲಿಯರ್ಡ್ಸ್ ಆಡುವ ಕೋಲು, ಅದೂ ಪೇಟೆಯ ಕ್ಲಬ್ಬಿನ ಅಧ್ಯಕ್ಷರಾದ ವಕೀಲ ಕೃಷ್ಣಮೋಹನ ರಾಯರದು. ಕಡಬದ ಆಚೆ ತೋಟ ಮಾಡಿಕೊಂಡಿದ್ದ ಬಿಳಿ ದೊರೆಯೊಬ್ಬ ಹಡಗು ಹತ್ತುವ ಮುಂಚೆ ತನ್ನ ಆಟದ ಮೇಜನ್ನು ಕ್ಲಬ್ಬಿಗೂ ಈ ಕೋಲನ್ನು ರಾಯರಿಗೂ ಕೊಟ್ಟು ಹೋಗಿದ್ದ. ಅಂದಿನಿಂದ ಅದನ್ನು ರಾಯರಲ್ಲದೆ ಬೇರೆ ಯಾರೂ ಮುಟ್ಟಿದ್ದಿಲ್ಲ. ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಹೋಯಿತು, ಕಲೆಕ್ಟರು ಬದಲಾದರು, ಅಂಚೆಯ ಚೀಟಿಯ ಮೇಲಿನ ಮುಖ ಬದಲಾಯಿತು. ಕೋಲಿನ ಯಜಮಾನಿಕೆ ಮಾತ್ರ ಬದಲಾಗಿರಲಿಲ್ಲ. ವರ್ಷಕ್ಕೊಮ್ಮೆ ವಾರ್ಷಿಕೋತ್ಸವದ ಸಂಜೆ ರಾಯರು ಆ ಕೋಲಿನಿಂದ ಮೊದಲ ಹೊಡೆತ ಹೊಡೆಯುತ್ತಾರೆ, ಆಮೇಲೆ ಹೊಸ ಕಾರ್ಯದರ್ಶಿಯ ಹೆಸರು ಹೇಳುತ್ತಾರೆ.

ಆ ಹೆಸರು ಈ ಸಲ ತನ್ನದೇ ಎಂದು ಪದ್ಮಯ್ಯ ಗೌಡರು ನಿಶ್ಚಯಿಸಿಬಿಟ್ಟಿದ್ದರು. ಆಲೆಟ್ಟಿಯ ತಮ್ಮ ದಾಯಾದಿಗಳಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು. ಮನೆಯ ಎದುರು ನೇತುಹಾಕಲು ಬೋರ್ಡು ಕೂಡ ಬರೆಸಿಯಾಗಿತ್ತು. ಅದು ಸದ್ಯಕ್ಕೆ ಮಂಚದ ಅಡಿಯಲ್ಲಿ ಶುಭ ಮುಹೂರ್ತಕ್ಕಾಗಿ ಕಾಯುತ್ತಿತ್ತು. ಎದುರಾಳಿ ಒಬ್ಬರೇ, ಮರದ ವ್ಯಾಪಾರಿ ಯೂಸುಫ್ ಸಾಹೇಬರು. ಆದರೆ ಈ ಸಲ ಉತ್ಸವಕ್ಕೆ ಮುಂಚೆ ಕೋಲನ್ನು ಒರೆಸಿ ಹೊಳಪು ಮಾಡಿ ತರುವ ಭಾಗ್ಯವನ್ನು ರಾಯರು ಯಾರಿಗೆ ಕೊಟ್ಟರು? ಪದ್ಮಯ್ಯ ಗೌಡರಿಗೆ. ಇದಕ್ಕಿಂತ ದೊಡ್ಡ ಸೂಚನೆ ಬೇಕೇ?

ಹೊಳಪು ಮಾಡಿ ಸುಮ್ಮನಿರಬಹುದಿತ್ತು. ಆದರೆ ಹೆಂಡತಿ ಲೋಲಾಕ್ಷಿ, “ಈ ಕೋಲಿನಲ್ಲಿ ಎಂತ ಮಾಡುದು ನೀವೆಲ್ಲ? ದನ ಅಟ್ಟುದಾ?” ಎಂದು ಕೇಳಿದಳು. ಮನೆತನದ ಮರ್ಯಾದೆಯ ಪ್ರಶ್ನೆ! ಗೌಡರು ಅಡುಗೆಮನೆಯ ನೆಲದ ಮೇಲೆ ಎರಡು ಲಿಂಬೆಹಣ್ಣು ಇಟ್ಟು, ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ದೊರೆಯ ಗತ್ತಿನಲ್ಲಿ ಹೊಡೆದರು. ಲಿಂಬೆಹಣ್ಣು ಇದ್ದಲ್ಲಿಯೇ ಇತ್ತು. ಕೋಲು ಅದರ ಪಕ್ಕದಿಂದ ಹಾದು ನೇರವಾಗಿ ಕಡೆಯುವ ಕಲ್ಲಿಗೆ ಬಡಿಯಿತು.

ಈಗ ಲೋಲಾಕ್ಷಿ ಹಿಟ್ಟಿನಿಂದ ಚರ್ಮದ ಬಿಲ್ಲೆಯನ್ನು ಬೆರಳಲ್ಲಿ ಎತ್ತಿ ಹಿಡಿದು, ಇದನ್ನು ತೆಗೆದಿಡಬೇಕೋ ಅಲ್ಲ ದೋಸೆಯ ಜೊತೆಗೇ ಹುಯ್ಯಬೇಕೋ ಎಂದು ವಿನಯದಿಂದ ಕೇಳಿದಳು. ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದಳು.

“ರಾಯರ ಹತ್ರ ಹೋಗಿ ಕೈತಪ್ಪಿ ಬಿದ್ದು ಸೀಳಿತು ಅಂತ ಹೇಳಿ. ಬೈದರೆ ಒಮ್ಮೆ ಬೈದಾರು.”

“ಬೈಯುದು ಮಾತ್ರ ಅಲ್ಲ ಮಾರಾಯ್ತಿ, ಯೂಸುಫ್ ಸಾಹೇಬ್ರನ್ನು ಕಾರ್ಯದರ್ಶಿ ಮಾಡ್ತಾರೆ.”

“ಹಾಗಾದ್ರೆ ಆಚಾರಿಗೆ ಕೊಡಿ.”

ಕೊಡಬಹುದಿತ್ತು. ಆದರೆ ಪೇಟೆಯ ಮರಗೆಲಸದ ಆಚಾರಿಗಳೆಲ್ಲ ಹಗಲು ಯೂಸುಫ್ ಸಾಹೇಬರ ಮರದ ಡಿಪೋದಲ್ಲಿಯೇ ಕೆಲಸ ಮಾಡುವವರು. ಬೆಳಿಗ್ಗೆ ಅವರ ಕೈಗೆ ಹೋದ ಕೋಲಿನ ಕಥೆ ಮಧ್ಯಾಹ್ನದ ಊಟಕ್ಕೆ ಸಾಹೇಬರ ಕಿವಿಗೆ ಬೀಳುವುದರಲ್ಲಿ ಸಂಶಯವಿಲ್ಲ. ಹೀಗಾಗಿ ಮೋರಿಯ ಮಾತು ಬಂತು, ಎದೆ ತಟ್ಟಿಕೊಳ್ಳುವ ಪ್ರಸಂಗವೂ ಬಂತು.

ಗೌಡರು ಕೂತು ಯೋಚಿಸಿದರು. ಊರಲ್ಲಿ ತೂತಾದ ಕೊಡಪಾನಕ್ಕೆ ಎಂತ ಹಚ್ಚುತ್ತಾರೆ? ಹಲಸಿನ ಮೇಣ. ಒಡೆದ ಮಡಕೆಗೆ? ಹಲಸಿನ ಮೇಣ. ಅಜ್ಜಿ ಬಿರುಕು ಬಿಟ್ಟ ಮರದ ಮರಿಗೆಯನ್ನು ಕೂಡಿಸಿದ್ದು ಯಾತರಲ್ಲಿ? ಅದೇ ಮೇಣದಲ್ಲಿ. ಲೋಲಾಕ್ಷಿಯ ತವರಿನಿಂದ ಬಂದ ಮೇಣದ ಕೋಲು ಒಲೆಯ ಮೇಲಿನ ಅಟ್ಟದ ಸಂದಿಯಲ್ಲಿ ಸಿಕ್ಕಿಸಿಯೇ ಇತ್ತು. ಪ್ರತಿ ವರ್ಷ ಹಲಸು ಕೊಯ್ದಾಗ ಒರೆಸಿ ಒರೆಸಿ ಸುತ್ತಿದ ಮೇಣ, ಹೊಗೆ ಕುಡಿದು ಕಲ್ಲಿನ ಹಾಗೆ ಆಗಿತ್ತು. ಬಿಳಿ ದೊರೆಯ ದೇಶದಲ್ಲಿ ಇಂಥ ವಸ್ತು ಉಂಟೇ? ಪಾಪ, ಇಲ್ಲದ ಕಾರಣವೇ ಅವರು ಊರು ಬಿಟ್ಟು ಇಲ್ಲಿಗೆ ಬಂದದ್ದು ಎಂದು ಗೌಡರಿಗೆ ಆಗ ಹೊಳೆಯಿತು.

ಕೆಂಡದ ಮೇಲೆ ಮೇಣ ಕರಗಿಸಿ ಬಿರುಕಿಗೆ ತುಂಬಿದರು. ಬಾಳೆಯ ನಾರಿನಿಂದ ಬಿಗಿದು ಕಟ್ಟಿ, ಮರುದಿನ ಬಿಚ್ಚಿ, ಗಾಜಿನ ಚೂರಿನಿಂದ ಹೆರೆದರು. ಕೈಯಲ್ಲಿ ತಟ್ಟಿದರೆ ಟಣ್ ಎಂದಿತು. ಆದರೆ ಬಿಳಿಚಿದ ಮರದ ಮೇಲೆ ಮೇಣದ ಕಪ್ಪು ಗೆರೆ ನಾಗರಹಾವು ಮಲಗಿದಂತೆ ಕಾಣುತ್ತಿತ್ತು. ಅದಕ್ಕೆ ದೇವರ ಮುಂದಿನ ಗಂಧವನ್ನು ಅರಸಿನದೊಡನೆ ಕಲಸಿ ಬಳಿದರು. ಹಾವು ಮಾಯವಾಯಿತು, ಕೋಲು ಪೂಜೆ ಮುಗಿಸಿ ಬಂದ ಭಟ್ಟರ ಹಾಗೆ ಪರಿಮಳಿಸತೊಡಗಿತು.

ಇನ್ನು ಉಳಿದದ್ದು ಬಳೆ. ಗೌಡರ ಕಣ್ಣು ಮನೆಯ ಹಿತ್ತಾಳೆಯನ್ನೆಲ್ಲ ಅಳೆಯುತ್ತ ಬಂದು ಲೋಲಾಕ್ಷಿ ತರಕಾರಿ ಕೊಯ್ಯುವ ಕೈಕತ್ತಿಯ ಮೇಲೆ ನಿಂತಿತು. ಅದರ ಮರದ ಹಿಡಿಯ ಬಾಯಿಗೆ ಚೆಂದದ ಒಂದು ಹಿತ್ತಾಳೆ ಬಳೆ! ಲೋಲಾಕ್ಷಿ ಬಾವಿಕಟ್ಟೆಗೆ ಹೋದ ಹೊತ್ತು ನೋಡಿ ಅದನ್ನು ಮೆಲ್ಲಗೆ ಕಳಚಿದರು. ಕೋಲಿಗೆ ತೊಡಿಸಿದರೆ ಚೂರು ಸಡಿಲ. ಒಳಗೆ ಬಟ್ಟೆಯ ತುಂಡು ಸುತ್ತಿ, ಮೇಣ ಹಾಕಿ ಕೂರಿಸಿದರು. ಅದರ ತುದಿಗೆ ಚರ್ಮದ ಬಿಲ್ಲೆ, ಅದಕ್ಕೂ ಮೇಣ. ಅಷ್ಟಾದ ಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ತಾನು ಕಟ್ಟಿಸಿದ ಯಾವ ಮೋರಿಯನ್ನೂ ನೋಡದಷ್ಟು ಪ್ರೀತಿಯಿಂದ ಅದನ್ನು ನೋಡಿದರು.

ಆ ದಿನ ಮಧ್ಯಾಹ್ನ ಲೋಲಾಕ್ಷಿ ಸೌತೆಕಾಯಿ ಕೊಯ್ಯಲು ಕತ್ತಿ ಎತ್ತಿದಳು. ಹಿಡಿ ಅವಳ ಕೈಗೆ ಬಂತು, ಕತ್ತಿ ಸೌತೆಕಾಯಿಯಲ್ಲಿಯೇ ಉಳಿಯಿತು. ಅವಳು ಊಟಕ್ಕೆ ಕೂತ ಗೌಡರ ಎಲೆಗೆ ಅನ್ನ ಬಡಿಸಿ, ಅನ್ನದ ಪಕ್ಕದಲ್ಲಿ ಒಂದು ಇಡೀ ಸೌತೆಕಾಯಿಯನ್ನು ಮಲಗಿಸಿದಳು.

“ಇದೆಂತದು?”

“ಸಾಂಬಾರಿನ ಹೋಳು. ನಿಮ್ಮ ಕೋಲಿನಲ್ಲಿ ಕುಟ್ಟಿಕೊಂಡು ತಿನ್ನಿ.”

ಉತ್ಸವದ ಸಂಜೆ ಗೌಡರು ಕರಿ ಕೋಟು ಹಾಕಿ, ನುಣ್ಣಗಿನ ಬೋಳುತಲೆಯನ್ನು ಟವೆಲಿನಲ್ಲಿ ಒರೆಸಿ ಮಿಂಚಿಸಿ ಹೊರಟರು. ಬಾಗಿಲಲ್ಲಿ ಲೋಲಾಕ್ಷಿ ಒಂದು ಸಣ್ಣ ಕುಪ್ಪಿ ತಂದು ಅವರ ಕೋಟಿನ ಜೇಬಿಗೆ ಇಳಿಸಿದಳು. ಎಂತದೆಂದು ಕೇಳಿದರೆ, ತೆಂಗಿನೆಣ್ಣೆ ಎಂದಳು. ಎಂತಕ್ಕೆ ಎಂದರೆ, “ಮೇಣದ ಸಹವಾಸ ಮಾಡುವವರ ಹತ್ರ ಎಣ್ಣೆ ಇರ್ಲಿ” ಎಂದಳು. ಕಲ್ಲಿನಂತೆ ಗಟ್ಟಿಯಾದದ್ದಕ್ಕೆ ಎಣ್ಣೆ ಯಾಕೆಂದು ಗೌಡರು ನಕ್ಕರು. ಹೆಂಗಸರಿಗೆ ಎಂಜಿನಿಯರಿಂಗ್ ಅರ್ಥವಾಗುವುದಿಲ್ಲ ಎಂದುಕೊಂಡು ಕುಪ್ಪಿಯನ್ನು ಮರೆತೇಬಿಟ್ಟರು.

ಕ್ಲಬ್ಬಿನಲ್ಲಿ ಜನ ಕಿಕ್ಕಿರಿದಿದ್ದರು. ಮೇಜಿನ ಮೇಲ್ಗಡೆ ತೂಗುಹಾಕಿದ ಗ್ಯಾಸ್‌ಲೈಟುಗಳು ಸುಯ್ಯೆಂದು ಉರಿಯುತ್ತಿದ್ದವು. ರಾಯರು ಕೋಲನ್ನು ಕೈಗೆ ತೆಗೆದುಕೊಂಡು, ತುದಿಯ ಹೊಳೆಯುವ ಬಳೆಯನ್ನು ಕಂಡು, “ಓವರ್ಸಿಯರ್ರೆ, ಹೊಸತರ ಹಾಗೆ ಮಾಡಿದ್ದೀರಿ” ಎಂದು ಮೆಚ್ಚಿದರು. ಮೂಗಿನ ಹತ್ತಿರ ತಂದು, ಇದೇನು ದೇವಸ್ಥಾನದ ವಾಸನೆ ಎಂದೂ ಕೇಳಿದರು. ಭಕ್ತಿಯಿಂದ ಒರೆಸಿದ್ದೇನೆ ಎಂದರು ಗೌಡರು. ಪಕ್ಕದಲ್ಲಿದ್ದ ಯೂಸುಫ್ ಸಾಹೇಬರ ಮುಖ ಸಣ್ಣಗಾದದ್ದನ್ನು ನೋಡಿ ಮನಸ್ಸಿನಲ್ಲಿಯೇ ಬೋರ್ಡಿಗೆ ಮೊಳೆ ಹೊಡೆದರು.

ಇಲ್ಲಿಯೇ ರಾಯರು ಹೊಡೆದು ಮುಗಿಸಿದ್ದರೆ ಪದ್ಮಯ್ಯ ಗೌಡರ ಬಾಳು ಬೇರೆಯಾಗುತ್ತಿತ್ತು. ಆದರೆ ರಾಯರು ವಕೀಲರು. ಎದುರಿಗೆ ಜನ, ಕೈಯಲ್ಲಿ ಕೋಲು. ಭಾಷಣ ಮಾಡದಿರಲು ಸಾಧ್ಯವೇ? ಎಡಗೈಯಲ್ಲಿ ಕೋಲಿನ ತುದಿಯ ಭಾಗವನ್ನೇ ಬಿಗಿಯಾಗಿ ಹಿಡಿದು, ಗ್ಯಾಸ್‌ಲೈಟಿನ ಬುಡದಲ್ಲಿ ಎತ್ತಿ ಎತ್ತಿ ತೋರಿಸುತ್ತ, ದೊರೆಯ ಗುಣಗಾನ ಮಾಡಿದರು, ಸ್ವರಾಜ್ಯದ ಗುಣಗಾನ ಮಾಡಿದರು, ಎರಡೂ ಹೇಗೆ ಒಂದಕ್ಕೊಂದು ಅಡ್ಡಿಯಲ್ಲ ಎಂದು ವಾದಿಸಿ ತಾವೇ ಗೆದ್ದರು. ಬೇರೆ ವರ್ಷ ಈ ಭಾಷಣದಲ್ಲಿ ಗೌಡರಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಈ ಸಲ ಅವರು ಕಣ್ಣು ಮಿಟುಕಿಸಲಿಲ್ಲ. ಗ್ಯಾಸ್‌ಲೈಟಿನ ಕಾವು ತಮ್ಮ ಬೋಳುತಲೆಗೇ ಅಷ್ಟು ದೂರದಿಂದ ತಾಗುತ್ತಿರುವಾಗ, ಆ ಕೋಲಿಗೆ ಎಷ್ಟು ತಾಗುತ್ತಿರಬಹುದು? ಒಲೆಯ ಮೇಲಿನ ಅಟ್ಟದಲ್ಲಿ ಕಲ್ಲಿನ ಹಾಗೆ ಇದ್ದದ್ದು ಕೆಂಡದ ಹತ್ತಿರ ಏನಾಗಿತ್ತು ಎನ್ನುವುದು ಅವರಿಗೆ ತಡವಾಗಿ ನೆನಪಾಯಿತು.

ಕೊನೆಗೂ ರಾಯರು ಮೇಜಿನ ಮೇಲೆ ಬಾಗಿದರು. ಎಡಗೈಯ ಬೆರಳುಗಳ ನಡುವೆ ಕೋಲನ್ನು ಹಿಂದೆ ಮುಂದೆ ಜಾರಿಸಲು ನೋಡಿದರು. ಅದು ಜಾರಲಿಲ್ಲ. ಕೈ ಬೆವರಿದೆ ಎಂದುಕೊಂಡು ಬಲ ಹಾಕಿ ಹೊಡೆದರು.

ದಂತದ ಬಿಳಿ ಗುಂಡು ಹೊರಟಿತು. ಅದರ ಬೆನ್ನಿಗೆ ಚರ್ಮದ ಬಿಲ್ಲೆಯೂ ಅಂಟಿಕೊಂಡು ಹೊರಟಿತು. ಗುಂಡು ಉರುಳಿದಾಗಲೆಲ್ಲ ಬಿಲ್ಲೆ ಅಡಿಗೆ ಬಂದು, ಕುಂಟುವ ಎತ್ತಿನ ಹಾಗೆ ಟಕ್ಕು ಟಕ್ಕೆಂದು ಮೇಜಿನ ಉದ್ದಕ್ಕೂ ಹೋಗಿ ಒಂದು ಮೂಲೆಯಲ್ಲಿ ನಿಂತಿತು. ಸಭೆಯೆಲ್ಲ ಗುಂಡನ್ನೇ ನೋಡುತ್ತಿತ್ತು. ರಾಯರು ಮಾತ್ರ ತಮ್ಮ ಎಡಗೈಯನ್ನು ನೋಡುತ್ತಿದ್ದರು. ಬೆರಳುಗಳು ಕೋಲನ್ನು ಬಿಡುತ್ತಿರಲಿಲ್ಲ. ಬಿಡಿಸಲು ಹೋದ ಬಲಗೈಯೂ ಅಂಟಿತು. ಕೋಲನ್ನು ಕೊಳಲಿನ ಹಾಗೆ ಹಿಡಿದು ನಿಂತ ಅಧ್ಯಕ್ಷರನ್ನು ಕಂಡು, ನಗಬೇಕೋ ಕೈಮುಗಿಯಬೇಕೋ ಎಂದು ಯಾರಿಗೂ ತಿಳಿಯಲಿಲ್ಲ.

ಒಬ್ಬರು ಬಿಸಿನೀರು ಎಂದರು. ಯೂಸುಫ್ ಸಾಹೇಬರು ಚಿಮಿಣಿ ಎಣ್ಣೆ ತರಿಸುತ್ತೇನೆಂದು ಎದ್ದರು. ಅಷ್ಟರಲ್ಲಿ ಗೌಡರ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಹಲಸಿನ ಊರಿನಲ್ಲಿ ಹುಟ್ಟಿದವನ ಕೈ ಅದು. ಮೇಣ ಅಂಟಿದ ಬೆರಳನ್ನು ಕಂಡರೆ ಅದು ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ. ಕುಪ್ಪಿಯ ಬಿರಡೆ ಕಿತ್ತು, ರಾಯರ ಬೆರಳುಗಳಿಗೆ ಎಣ್ಣೆ ಹೊಯ್ದು ತಿಕ್ಕಿದರು. ಬೆರಳು ಬಿಟ್ಟುಕೊಂಡಿತು. ಅದರೊಂದಿಗೆ ಅರಸಿನ, ಗಂಧ, ಬಾಳೆನಾರಿನ ಎಳೆ, ಬಟ್ಟೆಯ ತುಂಡು, ಕೊನೆಗೆ ಬಳೆ, ಎಲ್ಲವೂ ಒಂದೊಂದಾಗಿ ರಾಯರ ಅಂಗೈಗೆ ಇಳಿದವು.

ರಾಯರು ಬೆರಳನ್ನು ಮೂಸಿ ನೋಡಿದರು. ಆಮೇಲೆ ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ದನಿಯಲ್ಲಿ ಕೇಳಿದರು.

“ಓವರ್ಸಿಯರ್ರೆ, ಬಿಲಿಯರ್ಡ್ಸ್ ನೋಡ್ಲಿಕ್ಕೆ ಬರುವಾಗ ನೀವು ಜೇಬಿನಲ್ಲಿ ತೆಂಗಿನೆಣ್ಣೆ ಯಾಕೆ ತರುದು?”

“ತಲೆಗೆ ಹಾಕ್ಲಿಕ್ಕೆ ರಾಯರೆ.”

ಗ್ಯಾಸ್‌ಲೈಟಿನ ಬೆಳಕು ಆ ತಲೆಯ ಮೇಲೆ ಪೂರ್ಣಚಂದ್ರನಂತೆ ಬಿದ್ದಿತ್ತು. ಸಭೆ ಆ ಚಂದ್ರನನ್ನು ನೋಡಿತು. ಮೊದಲು ನಕ್ಕವರು ಯೂಸುಫ್ ಸಾಹೇಬರು. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಕಷ್ಟ.

ರಾಯರು ಬೈಯಲಿಲ್ಲ. ಬೈದಿದ್ದರೆ ಗೌಡರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೈ ತೊಳೆದು ಬಂದು ಕಾರ್ಯದರ್ಶಿಯಾಗಿ ಯೂಸುಫ್ ಸಾಹೇಬರ ಹೆಸರು ಹೇಳಿದರು. ಕೋಲನ್ನು ಸಾಹೇಬರ ಡಿಪೋದಲ್ಲಿ ರಿಪೇರಿ ಮಾಡಿಸುವುದೆಂದೂ, ಹೊಸ ಬಳೆ ಬರುವ ತನಕ ಇದ್ದ ಬಳೆಯನ್ನೇ ಸಾಹೇಬರ ವಶದಲ್ಲಿ ಇಡುವುದೆಂದೂ ತೀರ್ಮಾನವಾಯಿತು. ಆಮೇಲೆ ರಾಯರು ಗೌಡರ ಕಡೆಗೆ ತಿರುಗಿದರು. ನಾಳೆ ಕ್ಲಬ್ಬಿನ ಊಟಕ್ಕೆ ಗುಜ್ಜೆ ಪಲ್ಯ ಉಂಟು, ಎಳೆ ಹಲಸು ಒಂದು ಗಾಡಿ ಬರುತ್ತದೆ. ಅದನ್ನು ಕೊಯ್ಯುವ ಉಸ್ತುವಾರಿ ಓವರ್ಸಿಯರರಿಗೆ. “ಎಣ್ಣೆಯ ಖರ್ಚು ಕ್ಲಬ್ಬಿಗೆ ಇಲ್ಲ” ಎಂದೂ ಸೇರಿಸಿದರು.

ಗೌಡರು ಮನೆಗೆ ಬಂದು ಕೋಟು ಕಳಚಿದರು. ನಡೆದದ್ದನ್ನು ಹೇಳಲು ಮೂರು ಮಾತು ಸಾಕಾಯಿತು. ಉಳಿದದ್ದನ್ನು ಖಾಲಿ ಕುಪ್ಪಿ ಹೇಳಿತು. ಲೋಲಾಕ್ಷಿ ನಗಲಿಲ್ಲ. ಮಂಚದ ಅಡಿಯಿಂದ ಬೋರ್ಡನ್ನು ಎಳೆದು, ಅಕ್ಷರ ಕೆಳಗೆ ಮಾಡಿ ಅಡುಗೆಮನೆಯ ನೆಲದ ಮೇಲೆ ಹಾಸಿದಳು. ಗುಜ್ಜೆ ಇಟ್ಟು ಕೊಯ್ಯಲು ಹಲಗೆ ಅಗಲವಾಗಿ ಒಳ್ಳೆಯದುಂಟು ಎಂದಳು.

ಗೌಡರಿಗೆ ಆ ಹೊತ್ತಿನಲ್ಲಿಯೂ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. “ಹಾಗಾದ್ರೆ ನಾಳೆಗೆ ನಿನ್ನ ಕೈಕತ್ತಿ ಒಂದು ಕೊಡು ಮಾರಾಯ್ತಿ” ಎಂದರು.

ಲೋಲಾಕ್ಷಿ ಅಟ್ಟದಿಂದ ಕತ್ತಿಯನ್ನು ತಂದು ಅವರ ಒಂದು ಕೈಗೆ ಇಟ್ಟಳು. ಹಿಡಿಯನ್ನು ತಂದು ಇನ್ನೊಂದು ಕೈಗೆ ಇಟ್ಟಳು.

“ಕತ್ತಿ ಉಂಟು, ಹಿಡಿ ಉಂಟು. ಬಳೆ ಕಾರ್ಯದರ್ಶಿಗಳ ಹತ್ರ ಉಂಟು. ಹೋಗಿ ಒಂದು ಅರ್ಜಿ ಕೊಡಿ.”