ಸಿದ್ದರಾಜು ಬರೆದಿಟ್ಟ ಮಂಗಳವಾರ

ಮೇಘಶ್ರೀ ಬೆಳಿಗ್ಗೆ ಏಳಕ್ಕೆ ತಾನು ಪಾಠ ಮಾಡುವ ಶಾಲೆಗೆ ಹೊರಡುವಾಗ ಗಂಡನ ಕೈಗೆ ಒಂದು ಉದ್ದನೆಯ ನೋಟ್‌ಬುಕ್ಕು, ಒಂದು ಪೆನ್ನು ಕೊಟ್ಟಳು. ಅಭಿಪ್ರಾಯ ಬರೆಯಬೇಡಿ, ಕಂಡಿದ್ದನ್ನು ಮಾತ್ರ ಬರೆಯಿರಿ ಎಂದು ಮೆಟ್ಟಿಲಿಳಿಯುತ್ತ ಎರಡು ಸಲ ಹೇಳಿದಳು. ಸಿದ್ದರಾಜುವಿನ ಹತ್ತಿರ ಅಭಿಪ್ರಾಯಗಳ ದಾಸ್ತಾನು ಜಾಸ್ತಿ ಎಂಬುದು ಅವಳ ಹನ್ನೊಂದು ವರ್ಷಗಳ ಅನುಭವ.

ಅವರ ಮಗಳು ಇಂಚರಳಿಗೆ ಆರು ವರ್ಷ. ಆಟಿಸಂ ಇರುವ ಮಗು. ಆಡುವ ಮಾತು ಹತ್ತು ಹನ್ನೆರಡು. ಅದರಲ್ಲಿ ಆರು ತಿಂಡಿಯ ಹೆಸರು. ಮರದ ಬಿಲ್ಲೆಗಳನ್ನು ಬಣ್ಣಬಣ್ಣವಾಗಿ ಸಾಲು ಜೋಡಿಸುತ್ತ ಗಂಟೆಗಟ್ಟಲೆ ತನ್ನ ಪಾಡಿಗೆ ತಾನು ಇರುತ್ತಿದ್ದಳು. ಆದರೆ ಎರಡು ತಿಂಗಳಿಂದ ದಿನಕ್ಕೆ ಮೂರು ನಾಲ್ಕು ಸಲ ಇದ್ದಕ್ಕಿದ್ದ ಹಾಗೆ ಕಿರುಚುವುದು, ಮುಂಗೈ ಕಚ್ಚಿಕೊಳ್ಳುವುದು, ಕಿಟಕಿಯ ಸರಳಿಗೆ ಹಣೆ ಬಡಿಯುವುದು ಶುರುವಾಗಿತ್ತು. ಹಿಂದೆಯೂ ಮಗುವಿನ ಗಲಾಟೆಯ ಕಾರಣಕ್ಕೇ ಹನುಮಂತನಗರದಲ್ಲಿ ಒಂದು ಮನೆ ಬಿಟ್ಟಾಗಿತ್ತು, ಬಿಳೇಕಹಳ್ಳಿಯಲ್ಲಿ ಇನ್ನೊಂದು. ಹೊಸ ಮನೆಯ ಗೋಡೆಗೆ ಒಗ್ಗಿಕೊಳ್ಳಲು ಇಂಚರಳಿಗೆ ನಾಲ್ಕು ತಿಂಗಳು ಬೇಕು. ಈಗ ಈ ಜರಗನಹಳ್ಳಿಯ ಮನೆಯ ಓನರ್, ಕೆಳಗಿನ ಮನೆಯ ಈಶ್ವರಮ್ಮನವರೂ ತಿಂಗಳ ಕೊನೆಯೊಳಗೆ ಕಿರುಚಾಟ ನಿಲ್ಲಬೇಕು, ಇಲ್ಲವೇ ಮನೆ ಖಾಲಿಯಾಗಬೇಕು ಎಂದಿದ್ದರು.

ವರ್ತನೆಯನ್ನು ಅಭ್ಯಾಸ ಮಾಡಿ ಮಕ್ಕಳಿಗೆ ನೆರವಾಗುವ ತೇಜಸ್ವಿನಿ ಎಂಬ ಥೆರಪಿಸ್ಟು ಹೇಳಿದ್ದು ಒಂದೇ ಮಾತು. "ಮಗು ಸುಮ್ಮಸುಮ್ಮನೆ ಕಿರುಚಲ್ಲ ಸಾರ್. ಅದು ಏನೋ ಕೇಳ್ತಿದೆ. ಏನು ಅಂತ ನಮಗೆ ಗೊತ್ತಾಗ್ತಿಲ್ಲ, ಅಷ್ಟೆ." ಅದಕ್ಕೆ ಇಡೀ ಒಂದು ದಿನ ಮನೆಯಲ್ಲಿ ಕೂತು ಮೂರು ಕಾಲಂ ಬರೆಯಬೇಕು: ಕಿರುಚುವ ಮೊದಲು ಏನಾಯ್ತು, ಮಗು ಏನು ಮಾಡ್ತು, ಆಮೇಲೆ ಏನಾಯ್ತು. ಸಂಜೆ ಐದೂವರೆಗೆ ಅವಳು ಬಂದು ನೋಡುತ್ತಾಳೆ.

ಬನಶಂಕರಿಯ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣಿನ ಪವರ್ ನೋಡುವ ಕೆಲಸ ಸಿದ್ದರಾಜುವಿನದು. ದಿನವಿಡೀ "ಇದು ಕ್ಲಿಯರ್ರಾ, ಇದು ಕ್ಲಿಯರ್ರಾ" ಎಂದು ಕೇಳುತ್ತ ಗಾಜು ಬದಲಿಸುವವನಿಗೆ ಇದೇನು ದೊಡ್ಡ ವಿಷಯ ಅನ್ನಿಸಿತು. ರಜೆ ಹಾಕಿ, ಸ್ಕೇಲಿನಲ್ಲಿ ಗೆರೆ ಎಳೆದು, ಮಗಳ ಎದುರು ಸ್ಟೂಲ್ ಹಾಕಿಕೊಂಡು ಕೂತ.

ಎಂಟೂ ಮೂವತ್ತೈದಕ್ಕೆ ಮೊದಲನೆಯ ಕಿರುಚಾಟ ಬಂದಾಗ ಅವನು ಸ್ನಾನದ ಮನೆಯಲ್ಲಿದ್ದ. ಟವೆಲ್ ಸುತ್ತಿಕೊಂಡು ಓಡಿಬರುವಷ್ಟರಲ್ಲಿ ಇಂಚರ ಕಿಟಕಿಯ ಬಳಿ ಮುಂಗೈ ಕಚ್ಚುತ್ತಿದ್ದಳು. ತಲೆಗೂ ಸರಳಿಗೂ ನಡುವೆ ದಿಂಬು ಹಿಡಿದು, ಅವಳು ಸಮಾಧಾನವಾದ ಮೇಲೆ ಮೊದಲನೆಯ ಕಾಲಮ್ಮಿನಲ್ಲಿ "ಚಟ್ನಿ ಖಾರವಾಗಿತ್ತು ಅನ್ನಿಸುತ್ತೆ" ಎಂದು ಬರೆದ. ಇದು ಅಭಿಪ್ರಾಯ ಎಂದು ನೆನಪಾಗಿ ಹೊಡೆದುಹಾಕಿದ. ಅಷ್ಟರಲ್ಲಿ ಈಶ್ವರಮ್ಮ ಬಾಗಿಲಲ್ಲಿ ನಿಂತಿದ್ದರು. ದಿನದ ಹಾಗೆ ಬೈಯಲು ಬಾಯಿ ತೆರೆದವರು ಅವನ ಕೈಲಿದ್ದ ಪೆನ್ನು ನೋಡಿ ಸುಮ್ಮನಾದರು.

ಸಿದ್ದರಾಜು ವಿನಯದಿಂದ, ಹೇಳೋದಿದ್ದರೆ ಹೇಳಿಬಿಡಿ ಅಮ್ಮ, ಮೂರನೇ ಕಾಲಂ ನಿಮಗೇ ಇಟ್ಟಿದೀನಿ ಎಂದ.

ಈಶ್ವರಮ್ಮ ಬಗ್ಗಿ ನೋಡಿದರು. "8:41, ಈಶ್ವರಮ್ಮ ಬಂದರು" ಎಂದು ಆಗಲೇ ಬರೆದಾಗಿತ್ತು. ಅವರು ಸರಸರನೆ ಕೆಳಗಿಳಿದರು. ಬಾಡಿಗೆಯವನು ಗಂಟೆ ನಿಮಿಷ ಹಾಕಿ ತಮ್ಮ ಹೆಸರು ಬರೆದಿಟ್ಟುಕೊಳ್ಳುತ್ತಿದ್ದಾನೆ ಎಂದರೆ ಅದು ಲಾಯರಿಗೆ ತೋರಿಸುವುದಕ್ಕೇ ಎಂದು ಅವರು ಮೆಟ್ಟಿಲ ಮೇಲೇ ತೀರ್ಮಾನಿಸಿದ್ದರು. ಒಂಬತ್ತು ಗಂಟೆಗೆ ಆ ಸುದ್ದಿ ಇಡೀ ಓಣಿಯಲ್ಲಿ ಹಾಲಿನ ಹಾಗೆ ಉಕ್ಕಿತು.

ಮೊದಲು ತನಿಖೆಗೆ ಬಂದವರು ಮುನಿಯಣ್ಣ. ಈಶ್ವರಮ್ಮನ ಮೈದುನ, ರಿಟೈರಾದ ಬಸ್ ಡ್ರೈವರು. ಓಣಿಯ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರ್ ಓದುವುದು ಅವರ ಈಗಿನ ಡ್ಯೂಟಿ. ನೀರು ಕೇಳುವ ನೆಪದಲ್ಲಿ ಒಳಗೆ ಬಂದು, ನೀರು ಕುಡಿಯುತ್ತ ಲೋಟದ ಅಂಚಿನ ಮೇಲಿಂದ ನೋಟ್‌ಬುಕ್ಕು ಓದಿದರು. ಅವರು ಬಂದದ್ದನ್ನೂ ಸಿದ್ದರಾಜು ಬರೆದ, ಮಗುವಿನ ಸುತ್ತ ನಡೆದದ್ದೆಲ್ಲ ಬೇಕು ಎಂದಿದ್ದಳಲ್ಲ ತೇಜಸ್ವಿನಿ. ಮುನಿಯಣ್ಣ ನೀರನ್ನು ಅರ್ಧಕ್ಕೇ ಬಿಟ್ಟು ಹೋದರು.

ಹತ್ತೂ ಐದಕ್ಕೆ ಎರಡನೆಯ ಕಿರುಚಾಟ. ಆಗ ಎದುರು ಮನೆಯ ಅನ್ನಪೂರ್ಣ ಬಾಗಿಲಲ್ಲಿ ನಿಂತು, ದೃಷ್ಟಿ ತೆಗೆಯುವ ವಿಧಾನ ವಿವರಿಸುತ್ತಿದ್ದುದರಿಂದ ಸಿದ್ದರಾಜುವಿಗೆ ಕಾರಣ ಮತ್ತೆ ತಪ್ಪಿಹೋಯಿತು. ಅನ್ನಪೂರ್ಣ ಹೆದರುವವರಲ್ಲ. ಮಗುವಿಗೆ ಬಾಳೆಹಣ್ಣು ಕೊಟ್ಟು, ಅದನ್ನೂ ಬರೆದುಕೊಳ್ಳಿ ಎಂದರು. ಅವನು ಬರೆದಿದ್ದನ್ನು ಇಣುಕಿ ನೋಡಿ, ತಮ್ಮ ಹೆಸರಿನಲ್ಲಿ 'ನ'ಕ್ಕೆ ಒತ್ತು ಬಿಟ್ಟುಹೋಗಿದೆ ಎಂದು ತಿದ್ದಿಸಿದರು. ಹೋಗುವಾಗ, ಹೋದ ವಾರ ಕೊಟ್ಟ ಹೋಳಿಗೆಯನ್ನು ಹಿಂದಿನ ತಾರೀಖು ಹಾಕಿ ಸೇರಿಸಲಾಗುತ್ತದೆಯೇ ಎಂದೂ ವಿಚಾರಿಸಿದರು.

ಮಧ್ಯಾಹ್ನದ ಹೊತ್ತಿಗೆ ಸಿದ್ದರಾಜುವಿನ ಪುಟದಲ್ಲಿ ಇಂಚರಳಿಗಿಂತ ಓಣಿಯೇ ಹೆಚ್ಚಾಗಿತ್ತು. ಅವನು ಬಾಗಿಲಿಗೆ ಚಿಲಕ ಹಾಕಿ, ಫೋನು ಆರಿಸಿ, ವಾಚು ಬಿಚ್ಚಿ ಎದುರಿಗಿಟ್ಟುಕೊಂಡು, ಬೆಕ್ಕು ಬಿಲದ ಮುಂದೆ ಕೂತ ಹಾಗೆ ಕೂತ.

ಹನ್ನೆರಡೂ ನಲವತ್ತಕ್ಕೆ ಕೆಳಗೆ ವ್ಯಾನು ಬಂತು. ಈಶ್ವರಮ್ಮನ ಮಗ ಚಲುವರಾಜು ಶಾಲೆ ಮಕ್ಕಳ ವ್ಯಾನು ಓಡಿಸುತ್ತಿದ್ದ. ಪ್ರತಿ ಟ್ರಿಪ್ಪು ಮುಗಿಸಿ ಬಂದು ವ್ಯಾನನ್ನು ಹಿಂದಕ್ಕೆ ತೆಗೆದುಕೊಂಡೇ ಕಾಂಪೌಂಡಿನೊಳಗೆ ನಿಲ್ಲಿಸಬೇಕು. ರಿವರ್ಸ್ ಗೇರು ಹಾಕಿದರೆ ಟ್ಯೂನು ಬಾರಿಸುವ ಪೆಟ್ಟಿಗೆಯೊಂದನ್ನು ಎರಡು ತಿಂಗಳ ಹಿಂದೆ ಹಾಕಿಸಿದ್ದ. ಮುಚ್ಚಿದ ಡಬ್ಬಿಯೊಳಗೆ ಗಿಳಿಯೊಂದು ಸಂಗೀತ ಕಲಿಯುತ್ತಿರುವ ಹಾಗಿತ್ತು ಅದು. ಸಿದ್ದರಾಜು ಉಸಿರು ಬಿಗಿಹಿಡಿದು ಬರೆದ: "ವ್ಯಾನು ಬಂತು. ಟ್ಯೂನು ಬಂತು. ಇಂಚರ ಕಿಟಕಿಗೆ ಓಡಿದಳು. ಬೆರಳು ಕುಣಿಸಿದಳು. ಟ್ಯೂನು ನಿಂತಿತು. ಕಿರುಚಿದಳು."

ಬರೆದು ಮುಗಿಸಿ ಹಿಂದಿನ ಸಮಯಗಳನ್ನು ನೋಡಿದ. ಎಂಟೂ ಮೂವತ್ತೈದು, ಹತ್ತೂ ಐದು. ಎರಡೂ ವ್ಯಾನು ವಾಪಸ್ಸು ಬರುವ ಹೊತ್ತು. ಎಷ್ಟೋ ಗಾಜು ಬದಲಿಸಿದ ಮೇಲೆ ಗಿರಾಕಿ ಕೊನೆಯ ಸಾಲನ್ನು ಓದಿದಾಗ ಆಗುವ ಸಂತೋಷ ಅವನಿಗಾಯಿತು. ಇಂಚರ ಸಮಾಧಾನವಾದ ಮೇಲೆ ಅವಳನ್ನು ಎತ್ತಿಕೊಂಡು ಕೆಳಗಿಳಿದು, ಈಶ್ವರಮ್ಮನ ಮುಂದೆಯೇ, ಓಣಿಗೆಲ್ಲ ಕೇಳುವಂತೆ, ತಪ್ಪು ಮಗುವಿನದಲ್ಲ, ನಿಮ್ಮ ವ್ಯಾನಿನ ಟ್ಯೂನಿನದು ಎಂದು ಸಾರಿದ.

ಈಶ್ವರಮ್ಮ ತಮ್ಮ ಮಗನ ವ್ಯಾನಿನ ಮಾನ ತೆಗೆದದ್ದಕ್ಕೆ ಸಿಟ್ಟಾದರು. ಚಲುವರಾಜು ಮಾತ್ರ ಒಳ್ಳೆಯ ಮನುಷ್ಯ. ಮಗುವಿಗೆ ತೊಂದರೆ ಅಂದರೆ ತೆಗೆದುಬಿಡೋಣ, ಆದರೆ ವೈರಿಂಗು ನನಗೆ ಬರಲ್ಲ ಎಂದ. ಸಿದ್ದರಾಜುವಿಗೂ ಬರುತ್ತಿರಲಿಲ್ಲ. ಆದರೆ ಅವನ ಜೇಬಿನಲ್ಲಿ ಕನ್ನಡಕ ಬಿಗಿಮಾಡುವ ಪುಟ್ಟ ಸ್ಕ್ರೂಡ್ರೈವರು ಇತ್ತು, ಮನಸ್ಸಿನಲ್ಲಿ ಗೆಲುವಿತ್ತು. ಹಿಂದಿನ ದೀಪ ಬಿಚ್ಚಿ, ಕೈಗೆ ಸಿಕ್ಕಿದ ಎರಡು ವೈರು ಕಿತ್ತ.

ಸಂಜೆ ನಾಲ್ಕೂಕಾಲಿಗೆ ವ್ಯಾನು ಸದ್ದಿಲ್ಲದೆ ಹಿಂದಕ್ಕೆ ಬಂತು. ಓಣಿಯ ನಡುವೆ ಕೂತು ಪೇಪರ್ ಓದುತ್ತಿದ್ದ ಮುನಿಯಣ್ಣ ಇಷ್ಟು ದಿನ ಟ್ಯೂನು ಕೇಳಿ ಎದ್ದು ಸರಿಯುತ್ತಿದ್ದವರು. ಇವತ್ತು ಟ್ಯೂನಿಲ್ಲ, ಆದ್ದರಿಂದ ಏಳಲೂ ಇಲ್ಲ. ವ್ಯಾನು ಕುರ್ಚಿಯನ್ನು ಮೆಲ್ಲಗೆ ಒತ್ತಿತು. ಕುರ್ಚಿಯ ಕಾಲು ಮುರಿಯಿತು. ಮುನಿಯಣ್ಣ ಪೇಪರ್ ಸಮೇತ ನೆಲಕ್ಕೆ ಕೂತರು. ಏಟೇನೂ ಆಗಲಿಲ್ಲ. ಮೂವತ್ತೈದು ವರ್ಷ ಒಂದು ನಾಯಿಗೂ ಗುದ್ದದೆ ಬಸ್ ಓಡಿಸಿದವರಿಗೆ ಮನೆಯ ವ್ಯಾನೇ ಗುದ್ದಿದ್ದು ಮನಸ್ಸಿಗೆ ಏಟಾಯಿತು.

ಮೇಲೆ ಇಂಚರ ಕಿಟಕಿಯ ಬಳಿ ವ್ಯಾನಿಗೆ ಕಾದು ನಿಂತಿದ್ದಳು. ವ್ಯಾನು ಬಂತು, ನಿಂತಿತು, ಬಾಗಿಲು ಹಾಕಿಕೊಂಡಿತು. ಅವಳು ಆ ದಿನದ, ಬಹುಶಃ ಆ ವರ್ಷದ, ಅತಿ ದೊಡ್ಡ ಕಿರುಚಾಟ ಶುರುಮಾಡಿದಳು. ಸಿದ್ದರಾಜು ಒಂದು ಕೈಯಲ್ಲಿ ದಿಂಬು ಹಿಡಿದು, ಇನ್ನೊಂದು ಕೈಯಲ್ಲಿ "ಇಪ್ಪತ್ತೆರಡು ನಿಮಿಷ" ಎಂದು ಬರೆದ. ಅಭಿಪ್ರಾಯಗಳೆಲ್ಲ ಖಾಲಿಯಾಗಿದ್ದವು.

ಐದೂವರೆಗೆ ತೇಜಸ್ವಿನಿ ಬಂದಾಗ ಮೇಘಶ್ರೀಯೂ ಶಾಲೆಯಿಂದ ಬಂದಿದ್ದಳು. ಓಣಿ ಅರ್ಧಕ್ಕರ್ಧ ಮನೆಯೊಳಗೆ ನಿಂತಿತ್ತು. ಮುನಿಯಣ್ಣ ಸಾಕ್ಷಿಗೆಂದು ಮುರಿದ ಕುರ್ಚಿಯನ್ನೂ ತಂದಿದ್ದರು. ಈಶ್ವರಮ್ಮ ಈ ತಿಂಗಳ ಕೊನೆ ಎಂದು ಮತ್ತೆ ಹೇಳಿದರು. ತೇಜಸ್ವಿನಿ ಹೋಳಿಗೆಯ ವಿಚಾರವನ್ನೂ ಬಿಡದೆ, ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಮಧ್ಯಾಹ್ನದ ಸಾಲಿನ ಮೇಲೆ ಬೆರಳಿಟ್ಟಳು.

"ಸಾರ್, ನೀವೇ ಬರೆದಿದೀರಲ್ಲ. ಟ್ಯೂನ್ ಬಂದಾಗ ಕಿರುಚಿಲ್ಲ ಅವಳು. ನಿಂತಾಗ ಕಿರುಚಿದಾಳೆ."

ಸಿದ್ದರಾಜು ತಾನು ಬರೆದದ್ದನ್ನು ತಾನೇ ಮೊದಲ ಸಲ ಎಂಬಂತೆ ಓದಿದ.

ಗೇಟು ಇಕ್ಕಟ್ಟು. ಚಲುವರಾಜು ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ಮಾಡಿಯೇ ವ್ಯಾನು ಒಳಗೆ ತರುತ್ತಿದ್ದ. ಪ್ರತಿ ಸಲ ಗೇರು ಬದಲಿಸಿದಾಗ ಟ್ಯೂನು ನಡುವೆ ಕತ್ತರಿಸಿ, ಮತ್ತೆ ಮೊದಲಿಂದ ಶುರುವಾಗಿ, ಮತ್ತೆ ಅಲ್ಲೇ ಕತ್ತರಿಸುತ್ತಿತ್ತು. ಎರಡು ತಿಂಗಳಲ್ಲಿ ಅದರ ಕೊನೆಯನ್ನು ಯಾರೂ ಕೇಳಿರಲಿಲ್ಲ. ಚಲುವರಾಜು ಕೂಡ ಕೇಳಿರಲಿಲ್ಲ.

ತೇಜಸ್ವಿನಿಯ ಮಾತಿನಂತೆ ಸಿದ್ದರಾಜು ಕಿತ್ತ ವೈರುಗಳನ್ನು ಮತ್ತೆ ಸೇರಿಸಿದ. ಚಲುವರಾಜು ಕ್ಲಚ್ಚು ಒತ್ತಿ, ರಿವರ್ಸ್ ಗೇರು ಹಾಕಿ, ವ್ಯಾನು ಕದಲಿಸದೆ ಕೂತ. ಟ್ಯೂನು ಶುರುವಾಯಿತು. ಇಂಚರ ಕಿಟಕಿಯಲ್ಲಿ ಬೆರಳು ಕುಣಿಸಿದಳು. ದಿನವೂ ಕತ್ತರಿಸುವ ಜಾಗ ಬಂತು, ದಾಟಿತು. ಆಮೇಲೆ ಟ್ಯೂನು ಒಂದು ಸಲ ಮೇಲಕ್ಕೆ ಹೋಗಿ, ಸುತ್ತಿ, ಮೆಲ್ಲಗೆ ಇಳಿದು ಮುಗಿಯಿತು. ಒಟ್ಟು ನಲವತ್ತು ಸೆಕೆಂಡು. ಇಂಚರ ಒಂದು ಸಲ ಚಪ್ಪಾಳೆ ತಟ್ಟಿ, ಕಿಟಕಿ ಬಿಟ್ಟು, ತನ್ನ ಬಿಲ್ಲೆಗಳ ಹತ್ತಿರ ಹೋಗಿ ಕೂತಳು.

ಮೇಘಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈಶ್ವರಮ್ಮ ಕೂಡ, ಇಷ್ಟೇನಾ ಮಗು ಕೇಳಿದ್ದು ಎಂದರು. ಆಗಲೇ ವ್ಯಾನಿನ ಹಿಂದಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಸಿದ್ದರಾಜು ಎರಡು ವೈರುಗಳನ್ನು ಅದಲುಬದಲು ಸೇರಿಸಿದ್ದ. ಟ್ಯೂನಿನ ಪೆಟ್ಟಿಗೆ ಒಂದು ಸಲ ಕೊರ್ ಎಂದು ಶಾಶ್ವತವಾಗಿ ಸುಮ್ಮನಾಯಿತು.

ಮರುದಿನ ಚಲುವರಾಜು ವಿಚಾರಿಸಿದ. ಆ ಟ್ಯೂನಿನ ಪೆಟ್ಟಿಗೆ ಈಗ ಬರುವುದಿಲ್ಲ. ಹೊಸದರಲ್ಲಿ ಬರೀ ಪೀಂ ಪೀಂ. ಆವತ್ತು ಟ್ಯೂನನ್ನು ಫೋನಿನಲ್ಲಿ ಹಿಡಿದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಕಿವಿಯಲ್ಲಿ ಉಳಿದದ್ದೇ ಗತಿ. ಆದರೆ ತೇಜಸ್ವಿನಿಗೆ ಪೆಟ್ಟಿಗೆಗಿಂತ ಮುಖ್ಯವಾದದ್ದು ಇಂಚರ ಕಿರುಚದೆ ಕೇಳುವುದನ್ನು ಕಲಿಯುವುದು. ವ್ಯಾನಿನ ಚಿತ್ರ ಬರೆದ ಒಂದು ಕಾರ್ಡು ಮಾಡಿಕೊಟ್ಟಳು. ಟ್ಯೂನು ಬೇಕಾದಾಗ ಮಗು ಕಾರ್ಡು ಕೊಡಬೇಕು. ಕೊಟ್ಟ ತಕ್ಷಣ ಯಾರಾದರೂ ಟ್ಯೂನನ್ನು ಪೂರ್ತಿ ಹಾಡಬೇಕು. ಮೊದಮೊದಲು ಎಷ್ಟು ಸಲ ಕೇಳಿದರೂ ಇಲ್ಲ ಎನ್ನಬಾರದು. ಕೇಳಿದರೆ ಸಿಗುತ್ತೆ ಅಂತ ಅವಳಿಗೆ ನಂಬಿಕೆ ಬರಲಿ, ಆಮೇಲೆ ಕಾಯುವುದನ್ನು ಕಲಿಸೋಣ ಎಂದಳು.

ಮೇಘಶ್ರೀ ಇಂಪಾಗಿ ಹಾಡಿದಳು. ಇಂಚರ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ಸಿದ್ದರಾಜು ಹಾಡಿದ. ಅವನ ದನಿ ಆ ಡಬ್ಬಿಯ ದನಿಗೆ ಎಷ್ಟು ಹತ್ತಿರವಿತ್ತೆಂದರೆ ಇಂಚರ ಕೊನೆಯಲ್ಲಿ ಚಪ್ಪಾಳೆ ತಟ್ಟಿದಳು. ಕೆಲಸ ಅವನದೇ ಎಂದು ಗೊತ್ತಾಯಿತು.

ಮೂರನೆಯ ದಿನಕ್ಕೆ ಕಿರುಚಾಟ ನಿಂತಿತು. ಮುಂಗೈಯ ಗಾಯ ಒಣಗಿತು. ಕಾರ್ಡು ಮಾತ್ರ ದಿನಕ್ಕೆ ನಲವತ್ತು ಸಲ ಬಂತು. ಸಿದ್ದರಾಜು ಹಲ್ಲುಜ್ಜುತ್ತ ಹಾಡಿದ, ಬಟ್ಟೆ ಒಣಹಾಕುತ್ತ ತಾರಸಿಯ ಮೇಲೆ ಹಾಡಿದ. ಅಂಗಡಿಗೆ ಹೋದರೆ, ಹಗಲು ಮಗುವನ್ನು ನೋಡಿಕೊಳ್ಳಲು ಬರುವ ಮೇಘಶ್ರೀಯ ಅಮ್ಮ ಫೋನು ಮಾಡಿ ಸ್ಪೀಕರಿಗೆ ಹಾಕುತ್ತಿದ್ದರು. ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಹೊತ್ತ ಗಿರಾಕಿಯನ್ನು ಒಂದು ನಿಮಿಷ ಸಾರ್ ಎಂದು ಕೂರಿಸಿ, ಅವನು ಗೋಡೆಯ ಕಡೆ ತಿರುಗಿ ನಲವತ್ತು ಸೆಕೆಂಡು ಹಾಡುತ್ತಿದ್ದ. ಒಬ್ಬ ಗಿರಾಕಿ ಫ್ರೇಮು ಹಾಕಿಕೊಂಡೇ ರಸ್ತೆಗೆ ಹೋಗಿಬಿಟ್ಟ. ಓಣಿಯಲ್ಲಿ ಅನ್ನಪೂರ್ಣ ಕಿಟಕಿ ಮುಚ್ಚಿದರು. ಮುನಿಯಣ್ಣ ಮಾತ್ರ ಹಾಡು ಕೇಳಿದಾಗಲೆಲ್ಲ ಹೊಸ ಕುರ್ಚಿ ಎತ್ತಿಕೊಂಡು ಬದಿಗೆ ಸರಿದರು, ವ್ಯಾನು ಇರಲಿ ಬಿಡಲಿ.

ತಿಂಗಳ ಕೊನೆಯ ದಿನ ಈಶ್ವರಮ್ಮ ಮೇಲೆ ಬಂದರು. ಕೂರಿ ಎಂದರೂ ಕೂರಲಿಲ್ಲ. ಅಷ್ಟರಲ್ಲಿ ಇಂಚರ ಕಾರ್ಡು ತಂದು ಅಪ್ಪನ ಕೈಗಿಟ್ಟಳು. ಸಿದ್ದರಾಜು ಹಾಡಿದ. ನಡುವೆ ನಿಲ್ಲಿಸುವ ಹಾಗಿಲ್ಲವೆಂದು ಗೊತ್ತಿದ್ದ ಈಶ್ವರಮ್ಮ ಕಿವಿಗೆ ಸೆರಗು ಒತ್ತಿಕೊಂಡು ಮುಗಿಯುವವರೆಗೂ ನಿಂತರು.

"ಮಗು ಚಿನ್ನದಂಥದ್ದು ಕಣಪ್ಪ. ಮೇಘಶ್ರೀದೂ ಒಂದು ಸದ್ದಿಲ್ಲ. ಅವರಿಬ್ರೂ ಎಷ್ಟು ವರ್ಷ ಬೇಕಾದ್ರೂ ಇರ್ಲಿ. ನೀವೊಬ್ರು ಮಾತ್ರ ಬೇರೆ ಎಲ್ಲಾದ್ರೂ ಒಂದು ರೂಮ್ ನೋಡ್ಕೊಳಿ."

ಸಿದ್ದರಾಜು ಏನಾದರೂ ಹೇಳು ಎಂಬಂತೆ ಹೆಂಡತಿಯ ಮುಖ ನೋಡಿದ. ಮೇಘಶ್ರೀ ಅವನ ಕೈಯಲ್ಲಿದ್ದ ಕಾರ್ಡನ್ನು ಮಗಳಿಗೆ ವಾಪಸ್ಸು ಕೊಟ್ಟಳು.

"ಫೋನಲ್ಲಿ ಹಾಡಿದ್ರೂ ಒಪ್ಕೋತಾಳೆ ರೀ" ಎಂದಳು.