ಕಾಂಗೋದಿಂದ ಒಂದು ಮಿಸ್ಡ್ ಕಾಲು

ನಮ್ಮ ಅಕ್ಕನ ಗಂಡ ಹೆದರದೇ ಇದ್ದ ವಸ್ತು ಈ ಭೂಮಿಯ ಮೇಲೆ ಒಂದೇ ಒಂದಿತ್ತು. ಅದು ಬಂದೂಕು! ಉಳಿದ ಎಲ್ಲದಕ್ಕೂ ಅವರು ಹೆದರುತ್ತಿದ್ದರು. ಕುಕ್ಕರು ಸೀಟಿ ಹೊಡೆಯುವ ಮುಂಚೆ ಸುಸ್ ಎನ್ನುತ್ತದಲ್ಲ, ಅಷ್ಟಕ್ಕೇ ಎದ್ದು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು. ಹಂಪಿಗೆ ಹೋದರೆ ಮಂಗಗಳ ಭಯಕ್ಕೆ ಕನ್ನಡಕ ತೆಗೆದು ಕಾಲುಚೀಲದೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಆಮೇಲೆ ಏನೂ ಕಾಣದೆ ಕಲ್ಲುಕಂಬಗಳಿಗೆ ಹಾಯುತ್ತಿದ್ದರು, ಆ ಮಾತು ಬೇರೆ. ಮಲಪನಗುಡಿಯ ಹಳೇ ಬಾವಿ ನೋಡಲು ಕರೆದುಕೊಂಡು ಹೋದಾಗ ಮೇಲಿನ ಮೆಟ್ಟಿಲಲ್ಲೇ ಕೂತು, ಕೆಳಗಿಳಿದ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಕೂಗಿ, ಇನ್ನೂ ಇದ್ದೇವೆಂದು ಖಾತ್ರಿ ಮಾಡಿಕೊಂಡರು. ಇಂಥವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಅಂತೀರಾ? ಸೈನ್ಯದಲ್ಲಿ ಟ್ರಕ್ಕು ಓಡಿಸುವ ಹವಾಲ್ದಾರರಾಗಿದ್ದರು.

ಭಾವನ ಭಯಗಳಲ್ಲೆಲ್ಲ ಹಿರಿಯ ಭಯ ಅದಿರಿನ ಲಾರಿಯದು. ಅದು ಹೊಸಪೇಟೆ ಪೂರ್ತಿ ಕೆಂಪಾಗಿದ್ದ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿಕೊಂಡು ಸಮುದ್ರದ ಕಡೆ ಹೊರಟಿದ್ದವು. ಮರ ಕೆಂಪು, ಎಮ್ಮೆ ಕೆಂಪು, ಒಗೆದು ಹಾಕಿದ ಬಿಳೀ ಪಂಚೆ ಒಣಗುವ ಹೊತ್ತಿಗೆ ಅದೂ ಕೆಂಪು. ಊರಲ್ಲಿ ಯಾರ ಬಾಗಿಲು ಬಡಿದರೂ ಒಬ್ಬ ಲಾರಿ ಮಾಲೀಕ ಹೊರಗೆ ಬರುತ್ತಿದ್ದ. ನಾನು ಬೈಪಾಸಿನ ಹತ್ತಿರ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದೆ. ಬ್ರೇಕಿನ ಸಾಮಾನು ಕೇಳುವವರು ಕಡಿಮೆ, ಹಾರನ್ನು ಕೇಳುವವರು ಜಾಸ್ತಿ! ಭಾವ ರಜೆಯ ಮೇಲೆ ಬಂದಾಗ ನನ್ನ ಅಂಗಡಿಯ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರು.

ಈ ಭಯಕ್ಕೆ ಕಾರಣವಿತ್ತು, ಅದನ್ನು ಹೇಳಿಬಿಡಬೇಕು. ನಮ್ಮಕ್ಕ ಬಂಡ್ರಿಯ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು. ದಿನಾ ಬೆಳಿಗ್ಗೆ ಹೊಸಪೇಟೆಯಿಂದ ಬಸ್ಸು ಹತ್ತಿ ಸಂಡೂರಿನ ರಸ್ತೆಯಲ್ಲೇ ಹೋಗಬೇಕು, ಸಂಜೆ ಅದೇ ರಸ್ತೆಯಲ್ಲಿ ಬರಬೇಕು. ಹಿಂದೆ ಮುಂದೆ ಲಾರಿ, ಲಾರಿಯ ಮೇಲೆ ಗೋಪುರದ ಹಾಗೆ ಅದಿರು, ಸ್ಟೇರಿಂಗಿನ ಹಿಂದೆ ನಿದ್ದೆಗೆಟ್ಟ ಹುಡುಗ. ಯಾರ ಮನೆಗೆ ಯಾವತ್ತು ಎಂಥ ಸುದ್ದಿ ಬರುತ್ತದೋ ಹೇಳುವಂತಿರಲಿಲ್ಲ. ಎಲ್ಲರ ಎದೆಯಲ್ಲೂ ಆ ಭಯ ಇದ್ದೇ ಇತ್ತು. ನಾವು ಅದನ್ನು ನುಂಗಿಕೊಂಡು ಓಡಾಡುತ್ತಿದ್ದೆವು, ಭಾವನಿಗೆ ನುಂಗುವುದು ಬರುತ್ತಿರಲಿಲ್ಲ.

ಶಾಲೆ ಬಿಡು ಅಂದರು, ವರ್ಗ ಮಾಡಿಸಿಕೋ ಅಂದರು. ಅಕ್ಕ ಗಟ್ಟಿಗಿತ್ತಿ. ಹಾವು ಬಂದರೆ ಪೊರಕೆ ತಗೊಂಡು ಹೋಗುವವಳು.

"ಶಾಲಿ ಬಿಟ್ಟು ಮನ್ಯಾಗ ಕುಂತು ಏನ್ ಮಾಡ್ಲಿ? ನಿಮ್ಮ ಜೋಡಿ ಹೆದರಿಕೋತ ಕುಂದ್ರಲೇನು?" ಅಂದಳು.

ಆ ರಜೆಯಲ್ಲಿ ಭಾವ ದಿನಾ ಅಕ್ಕನ ಜೊತೆ ಬಸ್ಸಿನಲ್ಲಿ ಹೋಗತೊಡಗಿದರು. ಸೀಟಿನಲ್ಲಿ ಕೂತಿದ್ದರೆ ಚಿಂತೆಯೇ ಇರಲಿಲ್ಲ. ಡ್ರೈವರಿನ ಪಕ್ಕ ನಿಂತು, ಗೇರು ಬದಲಾಯಿಸಿ, ಅಂತರ ಬಿಡಿ, ಎಡಕ್ಕೆ ತಗೊಳ್ಳಿ, ಆ ಲಾರಿಯ ಹಿಂದಿನ ಟಯರು ಸರಿಯಿಲ್ಲ ನೋಡಿ ಎಂದು ವರದಿ ಒಪ್ಪಿಸುತ್ತಿದ್ದರು. ಕೊನೆಗೊಂದು ದಿನ ಡ್ರೈವರು ಬಸ್ಸನ್ನು ರಸ್ತೆಯ ಪಕ್ಕಕ್ಕೆ ಹಾಕಿ, ಕೆಳಗಿಳಿದು, ಬೀಡಿ ಹಚ್ಚಿಕೊಂಡು, "ನೀವ ಹೊಡ್ಕೊಂಡು ಹೋಗ್ರಿ ಸಾಹೇಬ್ರ, ನಾ ಹಿಂದಿನ ಬಸ್ಸಿಗೆ ಬರ್ತೀನಿ" ಅಂದನಂತೆ. ಅಕ್ಕ ಗಂಡನನ್ನು ಅಲ್ಲೇ ಇಳಿಸಿ ತಾನು ಶಾಲೆಗೆ ಹೋದಳು.

ಇಂಥ ಮನುಷ್ಯನಿಗೆ ಆಫ್ರಿಕಾದ ಕಾಂಗೋ ದೇಶಕ್ಕೆ, ಶಾಂತಿ ಕಾಯುವ ಪಡೆಯ ಜೊತೆ ಹೋಗುವ ಆದೇಶ ಬಂತು! ಅಲ್ಲಿ ಪಂಗಡ ಪಂಗಡಗಳ ನಡುವೆ ಕಾದಾಟ, ಕಾಡಿನೊಳಗಿನಿಂದ ಗುಂಡು. ಅಂಥ ಕಡೆ ತಲೆಗೆ ನೀಲಿ ಟೊಪ್ಪಿಗೆ ಹಾಕಿಕೊಂಡು ಬಿಳೀ ಟ್ರಕ್ಕಿನಲ್ಲಿ ಅಕ್ಕಿಬೇಳೆ ಸಾಗಿಸಬೇಕು. ಭಾವನ ತಾಯಿ, ನಾವೆಲ್ಲ ಅತ್ತಿ ಎಂದು ಕರೆಯುವವರು, ಎರಡು ದಿನ ಊಟ ಬಿಟ್ಟರು. ಅಕ್ಕ ಮಾತಾಡದೆ ಶೇಂಗಾ ಚಟ್ನಿಪುಡಿ ಕುಟ್ಟಿದಳು. ಹೊಸಪೇಟೆ ಸ್ಟೇಷನ್ನಿನಲ್ಲಿ ಯುದ್ಧದ ನಾಡಿಗೆ ಹೊರಟವರನ್ನು ನೋಡಿ ನಾವು ಅತ್ತೆವು. ಸಂಡೂರು ರಸ್ತೆಯಲ್ಲಿ ಉಳಿದವರನ್ನು ನೋಡಿ ಅವರು ಅತ್ತರು. "ನನಗೇನ್ ಆಗ್ತೈತಿ, ಅಲ್ಲೇನು ಅದಿರಿನ ಲಾರಿ ಅದಾವೇನು? ನೀವು ಹುಷಾರು" ಅಂದದ್ದು ರೈಲು ಬಿಟ್ಟ ಮೇಲೂ ಕೇಳುತ್ತಿತ್ತು.

ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಅಲ್ಲಿ ಹೇಗಿದೆ ಎಂದು ಕೇಳಿದರೆ ತಣ್ಣಗೆ ಹೇಳುತ್ತಿದ್ದರು. ಕ್ಯಾಂಪಿನ ಹಿಂದೆ ಒಂದು ಬೆಂಕಿಯುಗುಳುವ ಬೆಟ್ಟ ಇದೆಯಂತೆ, ಕತ್ತಲಾದರೆ ತುದಿ ಕೆಂಪಗೆ ಕಾಣುತ್ತದಂತೆ, ನೋಡಲು ಚೆಂದವಂತೆ. ಅದಿರಲಿ, ನಮ್ಮ ಗ್ಯಾಸಿನ ಸಿಲಿಂಡರಿನ ಪೈಪು ಬದಲಾಯಿಸಿದಿರಾ? ಕೆರೆಯಲ್ಲಿ ನೀರಾನೆಗಳಿವೆಯಂತೆ, ಒಂದು ಬಾಯಿ ತೆರೆದರೆ ಎಮ್ಮೆಕರು ಹಿಡಿಯುತ್ತದಂತೆ, ಪಾಪ ಅವುಗಳ ಪಾಡಿಗೆ ಅವು ಇರುತ್ತವಂತೆ. ಅದಿರಲಿ, ಹಿತ್ತಲ ಗೋಡೆಯ ಹಲ್ಲಿ ಹೋಯಿತಾ? ಗುಂಡಿನ ಸದ್ದು ಕೇಳುತ್ತದೆಯೇ ಎಂದು ಅತ್ತಿ ಕೇಳಿದರೆ, ದೀಪಾವಳಿಯಷ್ಟು ಇಲ್ಲವ್ವ ಅನ್ನುತ್ತಿದ್ದರು.

ಬಿಡುವಿನ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. ಖಾಲಿ ಪೆಟ್ಟಿಗೆಗೆ ಮಣ್ಣು ತುಂಬಿ ಮೆಂತ್ಯಸೊಪ್ಪು ಬೆಳೆದಿದ್ದರಂತೆ. ಪಂಜಾಬಿನವರು, ತಮಿಳರು ಎಲ್ಲರನ್ನೂ ಕೂಡಿಸಿ ಒಗ್ಗರಣೆ ಮಂಡಕ್ಕಿಯ ರುಚಿ ಹತ್ತಿಸಿದ್ದರಂತೆ. ಮಂಡಕ್ಕಿ ಮುಗಿದ ಮೇಲೆ ಆ ಊರಿನ ಜೋಳವನ್ನು ಹುರಿದು ಅದಕ್ಕೇ ಒಗ್ಗರಣೆ ಹಾಕಿದರಂತೆ. ಮಿಕ್ಕ ಹೊತ್ತೆಲ್ಲ ಮರದ ಕೆಳಗೆ ಕೂತು, ಈಗ ಹೊಸಪೇಟೆಯಲ್ಲಿ ಗಂಟೆ ಎಷ್ಟು, ಅಕ್ಕ ಎಲ್ಲಿರುತ್ತಾಳೆ, ಬಸ್ಸು ಯಾವ ತಿರುವಿನಲ್ಲಿರುತ್ತದೆ ಎಂದು ಯೋಚಿಸುವುದು. ನಮ್ಮ ಊರಿನ ತಗ್ಗುಗುಂಡಿಗಳು ಊರಲ್ಲಿದ್ದ ನಮಗಿಂತ ಆ ಮರದ ಕೆಳಗೆ ಕೂತವರಿಗೆ ಚೆನ್ನಾಗಿ ನೆನಪಿದ್ದವು.

ಅಲ್ಲಿಂದಲೇ ನಮ್ಮ ಮೇಲೆ ದಂಡಯಾತ್ರೆ ನಡೆಸುತ್ತಿದ್ದರು. ಗಂಗಾವತಿಯಲ್ಲಿ ಒಂದು ಮದುವೆ ಬಂತು. ಡ್ಯಾಮಿನಿಂದ ನೀರು ಬಿಟ್ಟಿದ್ದ ಕಾಲ, ಕಂಪ್ಲಿಯ ಸೇತುವೆಯ ಮೇಲೆ ಹೊಳೆ ಹತ್ತುತ್ತದೇನೋ ಎಂಬ ಸುದ್ದಿ. ಭಾವ ನನಗೆ ಫೋನು ಮಾಡಿ, ಸೈನ್ಯದಲ್ಲಿ ಗಾಡಿಗಳು ಹೊರಡುವ ಮುಂಚೆ ಮುಂದೆ ಹೋಗಿ ರಸ್ತೆ ನೋಡಿಕೊಂಡು ಬರುವ ತುಕಡಿಯೊಂದಿರುತ್ತದೆ, ಈ ಮದುವೆಗೆ ಆ ತುಕಡಿ ನೀನೇ ಎಂದರು. ಅಂಗಡಿಗೆ ಬೀಗ ಹಾಕಿ ಕಂಪ್ಲಿಯವರೆಗೆ ಬೈಕಿನಲ್ಲಿ ಹೋಗಿ, ಸೇತುವೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು, ನೀರು ಸೇತುವೆಗಿಂತ ಎರಡು ಆಳು ಕೆಳಗಿದೆ ಎಂದು ಕಾಂಗೋಕ್ಕೆ ವರದಿ ಕೊಟ್ಟೆ. ಉದ್ದನೆಯ ಆಳೋ ಗಿಡ್ಡನೆಯ ಆಳೋ ಎಂದು ಕೇಳಿದರು! ಅಷ್ಟರಲ್ಲಿ ಅಕ್ಕ ಯಾರನ್ನೂ ಕೇಳದೆ ಬಸ್ಸು ಹತ್ತಿ ಮದುವೆಗೆ ಹೋಗಿ ಉಂಡು ಬಂದಿದ್ದಳು.

ಇಷ್ಟಾದ ಮೇಲೆ ಭಾವ ಒಂದು ಕಾಯಿದೆ ಮಾಡಿದರು. ಸೈನ್ಯದಲ್ಲಿ ಕಾವಲಿನವರು ಆಗಾಗ ಎಲ್ಲ ಸರಿಯಿದೆ ಎಂದು ವರದಿ ಕೊಡಬೇಕಂತೆ. ಅದೇ ಪ್ರಕಾರ ಅಕ್ಕ ದಿನಾ ಸಂಜೆ ಮನೆ ಮುಟ್ಟಿದ ಕೂಡಲೇ ಕಾಂಗೋಕ್ಕೆ ಒಂದು ಮಿಸ್ಡ್ ಕಾಲು ಕೊಡಬೇಕು. ಒಂದೇ ರಿಂಗು, ಕಟ್. ಅದನ್ನು ನೋಡಿ ಅವರೂ ಅಲ್ಲಿಂದ ಒಂದು ಮಿಸ್ಡ್ ಕಾಲು ಕೊಡುತ್ತಾರೆ. ಅದೂ ಒಂದೇ ರಿಂಗು. ಎತ್ತುವ ಹಾಗಿಲ್ಲ. ಒಮ್ಮೆ ನಾನು ಅಭ್ಯಾಸಬಲದಿಂದ ಎತ್ತಿ ಹಲೋ ಅಂದುಬಿಟ್ಟೆ. ಮುಂದಿನ ಭಾನುವಾರ ಪೂರ್ತಿ ನನ್ನ ವಿಚಾರಣೆಗೇ ಮೀಸಲಾಯಿತು. ಅತ್ತಿಯಂತೂ ಆ ಹೊತ್ತಿಗೆ ಕೈಕಾಲು ತೊಳೆದು, ಫೋನಿನ ಮುಂದೆ ಚಾಪೆ ಹಾಸಿಕೊಂಡು ಕೂತಿರುತ್ತಿದ್ದರು. ರಿಂಗಾಗಿ ನಿಂತರೆ "ಬಂತು" ಎಂದು ಕೈ ಮುಗಿದು ಏಳುವರು.

ಹಾಗಾದರೆ ರಿಂಗು ನಿಲ್ಲದಿದ್ದರೆ? ಇದನ್ನು ಕೇಳಿದವಳು ಅಕ್ಕ. ಭಾವ, ನಾನಾದರೆ ಕಟ್ ಮಾಡುತ್ತೇನೆ, ಬೇರೆ ಯಾರಾದರೂ ನನ್ನ ಫೋನಿನಿಂದ ಮಾಡಿದರೆ ಅವರಿಗೆ ಈ ಕಾಯಿದೆ ಗೊತ್ತಿರುವುದಿಲ್ಲ, ಆಗ ಎತ್ತು ಎಂದರಂತೆ. ಆ ಮಾತನ್ನು ನಾವು ಯಾರೂ ಮತ್ತೆ ಎತ್ತಲಿಲ್ಲ.

ಒಂದು ದಿನ ಅಕ್ಕನ ಮಿಸ್ಡ್ ಕಾಲು ಹೋಗಲಿಲ್ಲ. ಸಂಡೂರು ರಸ್ತೆಯಲ್ಲಿ ಲಾರಿ ಮಗುಚಿ ಬಸ್ಸುಗಳೆಲ್ಲ ನಿಂತಿದ್ದವು, ಅವಳ ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಭಾವ ನನಗೆ, ನನ್ನ ಪಕ್ಕದ ಅಂಗಡಿಯವರಿಗೆ, ಬಸ್ ಡಿಪೋಕ್ಕೆ, ಶಾಲೆಯ ಎದುರಿನ ಪಾನ್ ಅಂಗಡಿಗೆ, ಎಲ್ಲರಿಗೂ ಫೋನು ಮಾಡಿದರು. ಕಾಂಗೋದ ಇಡೀ ಕ್ಯಾಂಪಿಗೆ ಬಂಡ್ರಿ ಎಲ್ಲಿದೆ ಎಂದು ಅವತ್ತು ಗೊತ್ತಾಯಿತಂತೆ. ನಾನು ಅವರ ಆಜ್ಞೆಯಂತೆ ಹಗ್ಗ, ಬ್ಯಾಟರಿ, ಟಿಂಚರ್ ಬಾಟಲಿ ಕಟ್ಟಿಕೊಂಡು ನಗುತ್ತಲೇ ಬೈಕು ಹತ್ತಿದೆ. ಊರು ದಾಟಿದ ಮೇಲೆ ನಗು ಹೋಯಿತು. ನನ್ನ ತಲೆಗಿಂತ ಎತ್ತರದ ಟಯರುಗಳ ಸಂದಿಯಲ್ಲಿ ನುಸುಳುತ್ತಾ, ದೂರದಲ್ಲಿ ಅಡ್ಡಬಿದ್ದ ಲಾರಿ, ಅದರ ಕೆಳಗೆ ಕೆಂಪು ರಾಶಿ ಕಂಡಾಗ ಬೈಕು ಅಲ್ಲೇ ನಿಲ್ಲಿಸಿಬಿಟ್ಟೆ. ರಾಶಿಯ ಕೆಳಗೆ ಏನಿದೆ? ಹತ್ತಿರ ಹೋಗಿ ನೋಡುವ ಧೈರ್ಯ ಬರಲು ಬಹಳ ಹೊತ್ತು ಹಿಡಿಯಿತು. ಏನೂ ಇರಲಿಲ್ಲ. ಹಿಂದೆ ನಿಂತ ಬಸ್ಸಿನಲ್ಲಿ ಅಕ್ಕ ಶೇಂಗಾ ತಿನ್ನುತ್ತಾ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನನ್ನ ಹಗ್ಗ ನೋಡಿ ನಕ್ಕಳು, ಆಮೇಲೆ ಅವರಿಗೆ ಜಲ್ದಿ ಹೇಳು ಪಾಪ ಅಂದಳು.

ಇದಾಗಿ ಕೆಲವು ತಿಂಗಳು ಕಳೆದ ಮೇಲೆ ಆ ಕಡೆಯಿಂದ ಬರುವ ರಿಂಗು ನಿಂತಿತು.

ಮೊದಲ ದಿನ ನೆಟ್‌ವರ್ಕ್ ಅಂದುಕೊಂಡೆವು. ಎರಡನೆಯ ದಿನ ಪೇಪರಿನ ಒಳಪುಟದ ಮೂಲೆಯಲ್ಲಿ, ಅವರಿದ್ದ ಊರಿನ ಸುತ್ತ ಕಾದಾಟ ಜೋರಾಗಿದೆ ಎಂದು ನಾಲ್ಕು ಸಾಲು ಬಂತು. ಆ ಪುಟವನ್ನು ಮಡಚಿ ನಾನು ಜೇಬಿಗೆ ಹಾಕಿಕೊಂಡೆ. ಅಕ್ಕನ ಬ್ಯಾಗಿನಲ್ಲೂ ಅದೇ ಪುಟ ಮಡಚಿಟ್ಟಿತ್ತು. ಅವಳು ಎಂದಿನಂತೆ ಶಾಲೆಗೆ ಹೋದಳು, ಎಂದಿನಂತೆ ಬಂದು ಚಪ್ಪಲಿ ಬಿಡುತ್ತಲೇ ಮಿಸ್ಡ್ ಕಾಲು ಕೊಟ್ಟಳು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ನಮಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ಸುಮ್ಮನಾಗುತ್ತಿದ್ದಳು. ಆಕೆ ಏನಂತಾಳೆ ಎಂದು ಅತ್ತಿ ಕೇಳಿದರೆ, ಆಮೇಲೆ ಮಾಡಿ ಅಂತಾಳೆ ಎಂದು ಅಕ್ಕ ಉತ್ತರಿಸುತ್ತಿದ್ದಳು. ಅತ್ತಿ ಚಾಪೆ ಬಿಟ್ಟು ಏಳುವುದನ್ನೇ ನಿಲ್ಲಿಸಿದರು. ನಾನು ಅಂಗಡಿ ಬೇಗ ಮುಚ್ಚಿ ಅವರ ಮನೆಗೇ ಬಂದು ಕೂರತೊಡಗಿದೆ. ಮೂವರೂ ಬೇರೆ ಏನೇನೋ ಮಾತಾಡುತ್ತಿದ್ದೆವು, ಕಣ್ಣು ಮಾತ್ರ ಫೋನಿನ ಮೇಲೆ.

ಹೀಗೇ ಒಂದು ಸಂಜೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಫೋನು ರಿಂಗಾಯಿತು. ಭಾವನ ನಂಬರು. ಅತ್ತಿ ಕೈ ಮುಗಿದರು. ಎರಡನೆಯ ರಿಂಗಾಯಿತು. ಮೂರನೆಯದಾಯಿತು. ನಿಲ್ಲಲಿಲ್ಲ.

ಅತ್ತಿಯ ಕೈ ಮುಗಿದಂತೆಯೇ ಇತ್ತು. "ಎತ್ತಬ್ಯಾಡವ್ವಾ" ಅಂದರು ಸಣ್ಣ ದನಿಯಲ್ಲಿ. ಅಕ್ಕನ ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ನಿಂತದ್ದೇ ಸಮಾಧಾನ ಎನ್ನುವ ಹಾಗೆ ಮೂವರೂ ಉಸಿರು ಬಿಟ್ಟೆವು. ಮತ್ತೆ ಶುರುವಾಯಿತು. ಅಕ್ಕ ಎದ್ದು ಬಂದು ಹಿಟ್ಟಿನ ಕೈಯಲ್ಲೇ ಎತ್ತಿದಳು. ಹಲೋ ಅನ್ನಲಿಲ್ಲ.

ಆ ಕಡೆ ಬರೀ ಉಸಿರು. ನಾನು ಅವಳ ಪಕ್ಕದಲ್ಲೇ ಇದ್ದೆ, ನನಗೂ ಕೇಳಿಸಿತು. ಆಮೇಲೆ ಭಾವನ ದನಿ, ಯಾರೋ ಸಣ್ಣ ಮಗುವಿನದೆಂಬಂತೆ. "ನಾನ. ನನ್ನ ಮುಂದಿನ ಗಾಡಿಯಂವ ಗುಂಡು ಬಿದ್ದು ಹೋದ. ನನಗ ಭಾಳ ಹೆದರಿಕಿ ಆಗೇತಿ."

ಲಾರಿಯ ಮಾತಿಲ್ಲ, ಗ್ಯಾಸಿನ ಮಾತಿಲ್ಲ. ಸಾವಿರ ವಸ್ತುಗಳಿಗೆ ಹೆದರಿದ ಆ ಮನುಷ್ಯ ನನಗೆ ಹೆದರಿಕೆ ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಕ್ಕ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕೂತಳು. ಧೈರ್ಯ ಹೇಳುತ್ತಾಳೆ ಅಂದುಕೊಂಡೆ.

"ನನಗೂ ಆಗ್ತೈತಿ ರೀ," ಅಂದಳು. "ದಿನಾ ಆಗ್ತೈತಿ. ಬಸ್ಸಿನಾಗ ಲಾರಿ ಹತ್ರ ಬಂದ್ರ ಕಣ್ಣು ಮುಚ್ಕೊಂಡು ನಿಮ್ಮ ಹೆಸರು ಹೇಳ್ಕೋತ ಕುಂತಿರ್ತೀನಿ."

ಭಾವ ಕೇಳಿದರು:

"ಮದ್ಲ ಯಾಕ ಹೇಳಲಿಲ್ಲ?"

"ಮನಿಗೊಬ್ಬರು ಹೆದರೋರು ಅದಾರಲ್ಲ, ಸಾಕು ಅಂತ ಸುಮ್ಕಿದ್ದೆ."

ಭಾವ ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ಅಕ್ಕನ ಕೆನ್ನೆಯ ಮೇಲೆ ಹಿಟ್ಟು ಒದ್ದೆಯಾಗಿ ಅಂಟಿಕೊಂಡಿತ್ತು.

"ಫೋನ್ ಇಡಬ್ಯಾಡ," ಅಂದರು ಭಾವ.

"ಇಡಂಗಿಲ್ಲ," ಅಂದಳು ಅಕ್ಕ.

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅತ್ತಿ ಎದ್ದು ಹೋಗಿ ಒಲೆ ಆರಿಸಿ, ಸದ್ದಾಗದಂತೆ ಬಂದು ಸೊಸೆಯ ಪಕ್ಕದಲ್ಲಿ ಕೂತರು.