ಅಲಮಾರಿಯಲ್ಲಿದ್ದ ಹ್ಯಾಂಡ್ ಬ್ರೇಕ್ ಕೇಬಲ್

ಹೆಂಡತಿಯನ್ನೇ ಕಾರಿನ ಹ್ಯಾಂಡ್ ಬ್ರೇಕ್ ಮಾಡಿಕೊಂಡ ಗಂಡಸು ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮನೆಯವರೊಬ್ಬರೇ ಇರಬೇಕು! ಮೊನ್ನೆ ಭಾನುವಾರ ಬೆಳಿಗ್ಗೆಯೂ ಎಲ್ಲ ಎಂದಿನಂತೆಯೇ ಇತ್ತು. ಹಾಲು ಕಾಯಿತು, ಕಡುಬು ಬೆಂದಿತು, ನಾನು ಎಂದಿನಂತೆ ಕಾರಿನ ಕೀ ಕೇಳಿದೆ, ಅವರು ಎಂದಿನಂತೆ ಪೇಪರಿನಿಂದ ತಲೆ ಎತ್ತದೆ ಬೇಡ ಅಂದರು.

ನನಗೆ ಲೈಸೆನ್ಸ್ ಇದೆ. ತವರು ಬಾಳೂರು, ಅರ್ಧ ಗಂಟೆಯ ದಾರಿ. ಮನಸ್ಸಾದಾಗ ಹೋಗಿ ಅಮ್ಮನನ್ನು ನೋಡಿಕೊಂಡು ಬರಬೇಕು, ಇರುವುದು ಇದೊಂದೇ ಆಸೆ. ಆದರೆ ಹ್ಯಾಂಡ್ ಬ್ರೇಕ್ ಹಿಡಿಯದ ಕಾರನ್ನು ಈ ಏರುತಗ್ಗಿನಲ್ಲಿ ಒಬ್ಬಳೇ ನಿಲ್ಲಿಸುವುದು ಹೇಗೆ? ಕೇಬಲ್ ತುಕ್ಕು ಹಿಡಿದು ಎರಡು ವರ್ಷವಾಯಿತು. ಎಳೆದರೆ ಲಿವರ್ ಎದ್ದು ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ.

ಹಾಗಾಗಿ ನಮ್ಮ ಪದ್ಧತಿಯೇ ಬೇರೆ. ಅವರು ಬ್ರೇಕ್ ಒತ್ತಿಕೊಂಡು ಕೂತಿರುತ್ತಾರೆ, ನಾನು ಸೆರಗು ಸಿಕ್ಕಿಸಿಕೊಂಡು ಇಳಿದು ಚಕ್ರಕ್ಕೆ ಕಲ್ಲು ಇಡಬೇಕು. ಹೋದಲ್ಲೆಲ್ಲ ಅವರದೊಂದು ಕಲ್ಲು ಕಾಯುತ್ತಿರುತ್ತದೆ! ಅಂಗಡಿಯ ಮುಂದೊಂದು, ಬ್ಯಾಂಕಿನ ಹತ್ತಿರವೊಂದು, ಇಳಿಜಾರು ಜಾಸ್ತಿ ಅಂತ ದೇವರಮನೆ ಗುಡ್ಡದಲ್ಲಿ ಎರಡು. ಒಮ್ಮೆ ಕೊಟ್ಟಿಗೆಹಾರದ ಕಲ್ಲನ್ನು ಯಾರೋ ಒಲೆ ಹೂಡಲು ಒಯ್ದಿದ್ದರು. ಪಕ್ಕದಲ್ಲೇ ಬೇರೊಂದು ಬಿದ್ದಿತ್ತು, ಗುರುತಿಲ್ಲದ ಕಲ್ಲನ್ನು ನಂಬಲಾರೆ ಅಂದುಬಿಟ್ಟರು. ನೀರುದೋಸೆ ತಿನ್ನಲು ಹೋದವರು ಹೋಟೆಲಿನ ಮುಂದೆ ಮೂರು ಸುತ್ತು ಹಾಕಿ, ಘಮವನ್ನಷ್ಟೇ ಮೂಗಿಗೆ ತುಂಬಿಕೊಂಡು ವಾಪಸಾದೆವು. ಇನ್ನೊಮ್ಮೆ ಮದುವೆ ಮನೆಯ ಬಾಗಿಲಲ್ಲಿ, ರೇಷ್ಮೆ ಸೀರೆಯುಟ್ಟು ಕೈಯಲ್ಲಿ ಕಲ್ಲು ಹಿಡಿದಿದ್ದ ನನ್ನನ್ನು ನೋಡಿ ಹೆಂಗಸೊಬ್ಬರು ಸರಿದು ದಾರಿ ಬಿಟ್ಟರು. ಕಾನ್ವೆಂಟಿನ ಸಿಸ್ಟರು ಕಲಿಸಿದಂತೆ ಮುಗುಳ್ನಕ್ಕು ಗುಡ್ ಈವ್ನಿಂಗ್ ಅಂದೆ. ಇನ್ನೇನು ಮಾಡಲಿ?

ಹೊಸ ಕೇಬಲ್ ಇರಲಿಲ್ಲವೇ? ಇತ್ತು! ನನ್ನ ಧಾರೆ ಸೀರೆಯ ಪಕ್ಕದಲ್ಲಿ, ಕವರಿನೊಳಗೆ, ನುಸಿಗುಳಿಗೆಯ ಸಮೇತ. ವರ್ಷಕ್ಕೊಮ್ಮೆ ಎರಡಕ್ಕೂ ಒಟ್ಟಿಗೇ ಬಿಸಿಲು ಕಾಣಿಸುವುದು. ಹಾಕಿಸಿ ಅಂದರೆ, "ಹಾಕಿದ್ರೆ ಹಾಳಾಗುತ್ತೆ ಮಾರಾಯ್ತಿ" ಅನ್ನುತ್ತಿದ್ದರು. ಹಳೆಯದಕ್ಕೆ ಮಾತ್ರ ವಾರವಾರವೂ ಎಣ್ಣೆ. ಮೆಕ್ಯಾನಿಕ್ ಕೈಮುಗಿದು ಹೋದ. ನಾನೂ ಹೇಳಿ ಹೇಳಿ ಸೋತೆ.

ಆ ಭಾನುವಾರ ತಿಂಡಿಯಾದ ಮೇಲೆ ಅದೇನಾಯಿತೋ, ಅಲಮಾರಿಯಿಂದ ಕೇಬಲ್ ತೆಗೆದವರು ಪಕ್ಕದ ಮನೆಯ, ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಸಹಾಯಕ್ಕೆ ಕರೆದುಕೊಂಡು ಕಾರಿನಡಿ ಸೇರಿದರು. ಹೊರಗೆ ಕಂಡದ್ದು ನಮ್ಮನೆಯವರ ಎರಡು ಕಾಲು. ಒಂದರಲ್ಲಿ ಅವರದೇ ಚಪ್ಪಲಿ, ಇನ್ನೊಂದರಲ್ಲಿ ನನ್ನದು! ಆಮೇಲೆ ಶುರುವಾಯಿತು ಲಿವರಿನ ಕಟಕಟ. ಬಿಗಿ ಮಾಡುವುದು, ಎಳೆಯುವುದು, ಮತ್ತೆ ಸಡಿಲಿಸುವುದು. ಊಟಕ್ಕೆ ಕೂತಾಗ ಏನಾಯಿತು ಅಂತ ಕೇಳಿದರೆ, ಇನ್ನೂ ಸರಿಯಾಗಿಲ್ಲ ಅಂದರು. ಮೂರು ಗಂಟೆಯಾದರೂ ಅದೇ ಕಟಕಟ. ನನಗೆ ಅಳುವೇ ಬಂತು. ಸವೆದೀತು ಅಂತ ನಾಳೆ ಇದನ್ನೂ ಬಿಚ್ಚಿ ಅಲಮಾರಿಗೆ ಸೇರಿಸುತ್ತಾರೆ, ನನಗಿನ್ನು ಬಾಳೂರಿಗೆ ಬಸ್ಸೇ ಗತಿ ಅಂದುಕೊಂಡೆ.

ಸಂಜೆ ರೈಟರು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಇವರು ಸ್ನಾನಕ್ಕೆ ಹೋಗಿದ್ದರು. ಒಂದು ಕೇಬಲ್ಲಿಗೆ ಇಡೀ ದಿನ ಬೇಕಾಯಿತಲ್ಲ ಅಂದೆ. ರೈಟರು ಲೋಟದ ಅಂಚು ಒರೆಸುತ್ತಾ ಹೇಳಿದರು:

"ಕೆಲ್ಸ ಹನ್ನೊಂದಕ್ಕೇ ಮುಗಿದಿತ್ತು ಅಕ್ಕ. ಆಮೇಲೆ ಸೀಟು ನಿಮ್ಮ ಅಳತೆಗೆ ಮುಂದೆ ಎಳ್ಕೊಂಡು, ಮೊಣಕಾಲು ಮಡಚಿ ಕೂತು, ಎರಡೇ ಬೆರಳಲ್ಲಿ ಎಳೆದು ಎಳೆದು ನೋಡಿದ್ರು. ನಿಮಗೆ ಹಗುರ ಆಗ್ಬೇಕಂತೆ. ಇನ್ಮೇಲೆ ನೀವೇ ಅಲ್ವಾ ಓಡಿಸೋದು? ಕಣ್ಣಿನ ಡಾಕ್ಟ್ರು ಅವ್ರಿಗೆ ಸ್ಟೇರಿಂಗ್ ಮುಟ್ಟಬೇಡಿ ಅಂದ್ರಂತಲ್ಲ."